ಒಲೆಯಿಂದ ಇಳಿದ ಮೇಲೆ ಬೇಯುವ ಹುರುಳಿ

ಕಾಳು ಒಮ್ಮೆ ಕುದಿಗೆ ಬಂದ ಮೇಲೆ ಒಲೆಗೆ ಒಡ್ಡುವ ಸೌದೆಯ ಬಹುಪಾಲು ಕಾಳಿಗೆ ಸಲ್ಲುವುದಿಲ್ಲ. ಪಾತ್ರೆಯ ಮೈಯಿಂದ ಗಾಳಿಗೆ ಸೋರುವ ಶಾಖವನ್ನು ಮರಳಿ ತುಂಬುವುದಕ್ಕೂ ನೀರನ್ನು ಆವಿಯಾಗಿಸುವುದಕ್ಕೂ ಅದು ಖರ್ಚಾಗಿ ಹೋಗುತ್ತದೆ. ಆ ಸೋರಿಕೆಯನ್ನು ತಡೆಯಬಲ್ಲ ಹೊದಿಕೆಯೊಂದಿದ್ದು, ಕೊತಕೊತನೆ ಕುದಿಯುವ ಪಾತ್ರೆಯನ್ನು ಒಲೆಯಿಂದ ಇಳಿಸಿ ಮುಚ್ಚಳ ಬಿಗಿದು ಅದರೊಳಗೆ ಇಟ್ಟರೆ, ಪಾತ್ರೆಯಲ್ಲಿ ಅದಾಗಲೇ ತುಂಬಿಕೊಂಡಿರುವ ಶಾಖವೇ ಮುಂದಿನ ಕೆಲವು ಗಂಟೆಗಳ ಕಾಲ ಕಾಳನ್ನು ಬೇಯಿಸುತ್ತದೆ. ಹತ್ತಿ, ಉಣ್ಣೆ, ಹುಲ್ಲು ಅಥವಾ ಥರ್ಮೋಕೋಲಿನ ಚೂರುಗಳನ್ನು ತುಂಬಿ ಹೊಲಿದ ದಪ್ಪ ಚೀಲಗಳು ಮಾಡುವ ಕೆಲಸ ಇಷ್ಟೇ. ನೋಡಲು ಸರಳವಾದ ಈ ಉಪಾಯದಲ್ಲಿ ಆಹಾರ ಸುರಕ್ಷತೆಯ ಪ್ರಶ್ನೆಯೊಂದು ಅಡಗಿದೆ: ಶಾಖವನ್ನು ಹಿಡಿದಿಡುವ ಚೀಲವು, ಆ ಶಾಖ ಬೇಯಿಸುವುದಕ್ಕೆ ಸಾಲದಾದ ಮೇಲೂ ಪಾತ್ರೆಯನ್ನು ಬೆಚ್ಚಗೇ ಇಟ್ಟುಕೊಂಡಿರುತ್ತದೆ, ಮತ್ತು ಆ ಬೆಚ್ಚಗಿನ ಹೊತ್ತು ಸೂಕ್ಷ್ಮಾಣುಗಳಿಗೆ ಹೇಳಿ ಮಾಡಿಸಿದ ಹೊತ್ತು.

ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿ, ಹನೂರಿನಿಂದ ರಾಮಾಪುರದ ಕಡೆಗೆ ಸಾಗುವ ದಾರಿಯಲ್ಲಿರುವ ಅಜ್ಜೀಪುರದಂಥ ಊರಿಗೆ ಈ ಉಪಾಯವೂ ಪ್ರಶ್ನೆಯೂ ಎರಡೂ ಒಪ್ಪುತ್ತವೆ. ಈ ಸೀಮೆಯ ಊಟದ ಬೆನ್ನೆಲುಬಾದ ಹುರುಳಿ, ಅವರೆ, ಅಲಸಂದೆಗಳು ಬೇಗ ಬೇಯುವ ಕಾಳುಗಳಲ್ಲ. ಸುತ್ತಲಿನ ಕಾಡು ಮಲೆ ಮಹದೇಶ್ವರ ಹಾಗೂ ಕಾವೇರಿ ವನ್ಯಧಾಮಗಳದ್ದಾದ್ದರಿಂದ ಸೌದೆ ತರುವುದೆಂದರೆ ಆನೆಯ ಭಯವನ್ನೂ ಕಾನೂನಿನ ಅಡ್ಡಿಯನ್ನೂ ದಾಟಿ ಬರುವುದೆಂದೇ ಅರ್ಥ. ಕಾಡಿನ ಮೇಲಿನ ಈ ಒತ್ತಡವನ್ನು ತಗ್ಗಿಸಲೆಂದೇ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಅವರ ಸಂಗಡಿಗರು ಮಲೆ ಮಹದೇಶ್ವರ ವನ್ಯಧಾಮದ ಹಳ್ಳಿಗಳಲ್ಲಿ ಅಡುಗೆ ಅನಿಲವನ್ನು ಬಳಕೆಗೆ ತರುವ ಕೆಲಸ ಮಾಡಿದ್ದಾರೆ. ಆದರೂ ಸಿಲಿಂಡರ್ ಮನೆಗೆ ಬಂದ ಮೇಲೂ, ಹೊತ್ತು ಹಿಡಿಯುವ ಕಾಳಿಗೆ ಮತ್ತು ಮೀಯುವ ನೀರಿಗೆ ಸೌದೆ ಒಲೆಯನ್ನು ಉಳಿಸಿಕೊಳ್ಳುವುದು ಗ್ರಾಮೀಣ ಭಾರತದುದ್ದಕ್ಕೂ ಕಾಣುವ ವಾಡಿಕೆಯಾಗಿದ್ದು, ಶಾಖದ ಚೀಲಕ್ಕೆ ನಿಜವಾದ ಎಡೆ ಇರುವುದು ಈ ಕಾಳಿನ ಪಾತ್ರೆಯ ಬಳಿಯಲ್ಲೇ.

ಉಪಾಯವೇನೂ ಹೊಸದಲ್ಲ. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ನಾರ್ವೆ ದೇಶದ ತಾನೇ ಬೇಯಿಸುವ ಪೆಟ್ಟಿಗೆ ಜನರ ಗಮನ ಸೆಳೆದಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಧನಕ್ಕೆ ಅಭಾವವುಂಟಾದಾಗ ಬ್ರಿಟನ್ನಿನ ಮನೆಗಳಲ್ಲಿ ಒಣಹುಲ್ಲು ತುಂಬಿದ ಪೆಟ್ಟಿಗೆಗಳು ಮತ್ತೆ ಬಳಕೆಗೆ ಬಂದವು. ನೆರೆಯ ಕೇರಳದಲ್ಲಿ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಚೂಡಾರಾಪ್ಪೆಟ್ಟಿ ಎಂಬ ಪೆಟ್ಟಿಗೆಯನ್ನು ಪ್ರಚಾರಕ್ಕೆ ತಂದಿತು. ಕುದಿ ಬಂದ ಅನ್ನದ ಪಾತ್ರೆಯನ್ನು ಅದರೊಳಗೆ ಇಟ್ಟರೆ ಗ್ಯಾಸ್ ಉರಿಸದೆಯೇ ಅಕ್ಕಿ ಅರಳುತ್ತದೆ. 2008ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವಿದ್ಯುತ್ ಕಡಿತದ ಹಿನ್ನೆಲೆಯಲ್ಲಿ ಸಾರಾ ಕಾಲಿನ್ಸ್ ರೂಪಿಸಿದ ವಂಡರ್‌ಬ್ಯಾಗ್ ಎಂಬ ಬಟ್ಟೆಯ ಚೀಲ ಇದೇ ಪೆಟ್ಟಿಗೆಯ ಹಗುರವಾದ ರೂಪ.

ಇವೆಲ್ಲಕ್ಕೂ ಸಮಾನವಾದ, ಬಳಸುವವರು ಮರೆತುಬಿಡುವ ಒಂದು ಗುಣವಿದೆ. ಚೀಲಕ್ಕೆ ಸ್ವಂತ ಶಾಖವಿಲ್ಲ. ಒಲೆಯಾಗಲಿ ವಿದ್ಯುತ್ತಿನ ಕುಕ್ಕರಾಗಲಿ ಕಳೆದುಹೋದ ಶಾಖವನ್ನು ಮತ್ತೆ ಕೊಡಬಲ್ಲವು, ಚೀಲ ಕೊಡಲಾರದು. ಮುಚ್ಚಿದ ಕ್ಷಣದಿಂದಲೇ ಪಾತ್ರೆಯ ಉಷ್ಣತೆ ಇಳಿಯತೊಡಗುತ್ತದೆ ಮತ್ತು ಇಳಿಯುವ ವೇಗವೊಂದನ್ನೇ ಚೀಲ ತಗ್ಗಿಸುತ್ತದೆ. ಆದುದರಿಂದ ಒಳಗೆ ಹೋಗುವಾಗ ಪಾತ್ರೆಯಲ್ಲಿ ಎಷ್ಟು ಶಾಖವಿತ್ತು, ಅದು ಗಂಟೆಗೆ ಎಷ್ಟರಂತೆ ಕರಗುತ್ತದೆ ಎಂಬ ಎರಡು ಅಂಶಗಳೇ ಮುಂದಿನದನ್ನೆಲ್ಲ ನಿರ್ಧರಿಸುತ್ತವೆ. 96 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಗೆ ಹೋದ ಸಾರು ಗಂಟೆಗೆ ಸರಾಸರಿ 6 ಡಿಗ್ರಿಯಂತೆ ಇಳಿದರೆ 60 ಡಿಗ್ರಿಗೆ ಬರಲು 6 ಗಂಟೆ ಹಿಡಿಯುತ್ತದೆ; 12 ಡಿಗ್ರಿಯಂತೆ ಇಳಿದರೆ 3 ಗಂಟೆಯೇ ಸಾಕು. ಒಂದೇ ಚೀಲದಲ್ಲಿ ಈ ಎರಡೂ ನಡೆಯಬಹುದು, ಏಕೆಂದರೆ ಪಾತ್ರೆಯ ಗಾತ್ರ ಹತ್ತು ಪಟ್ಟಾದಾಗ ಅದರ ಹೊರಮೈ ಸುಮಾರು ನಾಲ್ಕೂವರೆ ಪಟ್ಟು ಮಾತ್ರ ಹೆಚ್ಚುತ್ತದೆ. ಶಾಖ ತುಂಬುವುದು ಗಾತ್ರದಲ್ಲಿ, ಸೋರುವುದು ಮೈಯಿಂದ. ಎಂಟು ಜನರ ಮನೆಯ ತುಂಬಿದ ಪಾತ್ರೆಯಲ್ಲಿ ಚೆನ್ನಾಗಿ ಬೆಂದ ಅವರೆ, ಇಬ್ಬರೇ ಇರುವ ಮನೆಯ ಅರೆ ತುಂಬಿದ ಪುಟ್ಟ ಪಾತ್ರೆಯಲ್ಲಿ ಅರೆಬೆಂದು ಉಳಿಯುವುದು ಇದರಿಂದಲೇ, ಮತ್ತು ಅಲ್ಲಿ ಅರೆಬೆಂದುದಕ್ಕಿಂತ ದೊಡ್ಡ ತೊಂದರೆ ಅದು ಬೇಗ ಉಗುರು ಬೆಚ್ಚಗಾಗುವುದು.

ಉಗುರು ಬೆಚ್ಚಗಾದರೆ ತೊಂದರೆಯೇಕೆ ಎಂಬುದಕ್ಕೆ ಉತ್ತರ ಸೂಕ್ಷ್ಮಾಣುಗಳ ಬದುಕಿನಲ್ಲಿದೆ. ಆಹಾರವನ್ನು ಕೆಡಿಸುವ ಮತ್ತು ಕಾಯಿಲೆ ತರುವ ಬ್ಯಾಕ್ಟೀರಿಯಾಗಳು ಬಹುಮಟ್ಟಿಗೆ 5ರಿಂದ 60 ಡಿಗ್ರಿಯ ನಡುವೆ ಬೆಳೆಯುವುದರಿಂದ ಆಹಾರ ತಜ್ಞರು ಈ ಅಂತರವನ್ನು ಅಪಾಯದ ವಲಯವೆಂದು ಕರೆಯುತ್ತಾರೆ. ಬಿಸಿ ಆಹಾರ 60 ಡಿಗ್ರಿಯ ಮೇಲಿರಲಿ, ಬೇಯಿಸಿದುದನ್ನು ಹೊರಗಿನ ಹವೆಯಲ್ಲಿ 2 ಗಂಟೆಗಿಂತ ಹೆಚ್ಚು ಬಿಡದಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಹೋಟೆಲು ಮತ್ತು ಅಡುಗೆಮನೆಗಳ ತಪಾಸಣೆಗೆ ಇಟ್ಟುಕೊಂಡಿರುವ ಪಟ್ಟಿ ಇನ್ನೂ ಬಿಗಿಯಾಗಿದ್ದು, ಬಡಿಸುವವರೆಗೆ ಬಿಸಿಯಾಗಿಡುವ ಸಸ್ಯಾಹಾರಕ್ಕೆ 65 ಡಿಗ್ರಿಯನ್ನೂ ಮಾಂಸಾಹಾರಕ್ಕೆ 70 ಡಿಗ್ರಿಯನ್ನೂ ಕೇಳುತ್ತದೆ. ಚೆನ್ನಾಗಿ ಕುದಿಸಿದ ಮೇಲೆ ಸೂಕ್ಷ್ಮಾಣುಗಳು ಸತ್ತವಲ್ಲವೇ, ಮುಚ್ಚಳ ತೆಗೆಯದಿದ್ದರೆ ಹೊಸದಾಗಿ ಎಲ್ಲಿಂದ ಬರಬೇಕು ಎಂಬ ತರ್ಕ ಸಹಜವಾದುದೇ. ಆದರೆ ಮಣ್ಣಿನಲ್ಲಿ ಹುಟ್ಟಿ ಕಾಳು, ಅಕ್ಕಿ, ಮಸಾಲೆ, ಮಾಂಸಗಳೊಡನೆ ಪಾತ್ರೆಗೆ ಬರುವ ಕೆಲವು ಬ್ಯಾಕ್ಟೀರಿಯಾಗಳು ಬೀಜಕ ಎಂಬ ಗಟ್ಟಿ ಕವಚದ ರೂಪ ತಾಳಬಲ್ಲವು, ಆ ರೂಪದಲ್ಲಿ ಅವು ಕುದಿಯುವ ನೀರನ್ನೂ ತಾಳಿಕೊಳ್ಳುತ್ತವೆ. ಕುದಿತ ಉಳಿದ ಜೀವಾಣುಗಳನ್ನೆಲ್ಲ ಕೊಂದು, ನೀರಿನಲ್ಲಿ ಕರಗಿದ್ದ ಆಮ್ಲಜನಕವನ್ನೂ ಹೊರಗಟ್ಟಿ, ಪೈಪೋಟಿಯೇ ಇಲ್ಲದ ಪಾತ್ರೆಯನ್ನು ಈ ಬೀಜಕಗಳಿಗೆ ಒಪ್ಪಿಸಿಬಿಡುತ್ತದೆ.

ಇವುಗಳಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬುದು ಚೀಲದ ಅಡುಗೆಯ ಮಟ್ಟಿಗೆ ಮುಖ್ಯ ಶತ್ರು. ಗಾಳಿಯಿಲ್ಲದ ದಪ್ಪ ಸಾರಿನ ತಳ ಅದಕ್ಕೆ ಇಷ್ಟ. ಅದು ಅತಿ ವೇಗವಾಗಿ ಬೆಳೆಯುವುದು 43ರಿಂದ 45 ಡಿಗ್ರಿಯ ಸುಮಾರಿನಲ್ಲಿ, ಅಂದರೆ ಚೀಲದಲ್ಲಿ ಮರೆತು ಬಿಟ್ಟ ಪಾತ್ರೆ ಗಂಟೆಗಟ್ಟಲೆ ನಿಲ್ಲುವ ಮಟ್ಟದಲ್ಲಿ. ಅನುಕೂಲ ಒದಗಿದಾಗ ಅದರ ಸಂಖ್ಯೆ ಹತ್ತು ನಿಮಿಷದೊಳಗೆ ಎರಡು ಪಟ್ಟಾಗಬಲ್ಲದು. ಹತ್ತು ನಿಮಿಷಕ್ಕೊಮ್ಮೆ ಎಂದೇ ಲೆಕ್ಕ ಹಿಡಿದರೂ ಒಂದು ಜೀವಾಣು 3 ಗಂಟೆಯಲ್ಲಿ ಎರಡೂವರೆ ಲಕ್ಷವನ್ನು ಮೀರುತ್ತದೆ. ತಿಂದವರಿಗೆ 6ರಿಂದ 24 ಗಂಟೆಯೊಳಗೆ ಹೊಟ್ಟೆನುಲಿತ, ಭೇದಿ ಶುರುವಾಗುತ್ತವೆ. ಅಷ್ಟು ತಡವಾಗಿ ಬಂದುದನ್ನು ನಿನ್ನೆಯ ಸಾರಿಗೆ ಜೋಡಿಸಿ ನೋಡುವವರು ಕಡಿಮೆ. ಬ್ಯಾಸಿಲಸ್ ಸೀರಿಯಸ್ ಎಂಬ ಇನ್ನೊಂದು ಅನ್ನದ ಪಾತ್ರೆಯಲ್ಲಿ ಹೆಚ್ಚು. ಅದರ ಒಂದು ಬಗೆಯು ಅನ್ನದಲ್ಲೇ ವಾಂತಿಕಾರಕ ವಿಷವನ್ನು ಬಿಡುತ್ತದೆ, ಮತ್ತು ಆ ವಿಷ ಮನೆಯ ಒಲೆಯಲ್ಲಿ ಎಷ್ಟು ಕುದಿಸಿದರೂ ನಾಶವಾಗದು. ಕೈ, ಮೂಗು, ಗಾಯಗಳಿಂದ ಬರುವ ಸ್ಟೆಫೈಲೊಕಾಕಸ್ ಬಿಡುವ ವಿಷವೂ ಹಾಗೆಯೇ ಶಾಖಕ್ಕೆ ಬಗ್ಗದು. ತಿನ್ನುವ ಮುನ್ನ ಮತ್ತೆ ಬಿಸಿ ಮಾಡಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ಮುರಿದು ಬೀಳುವುದು ಇಲ್ಲಿ. ಹಳಸಿದ ವಾಸನೆ ಬಂದರೆ ಗೊತ್ತಾಗುತ್ತದೆ ಎಂಬ ಇನ್ನೊಂದು ನಂಬಿಕೆಗೂ ಇದೇ ಗತಿ, ಏಕೆಂದರೆ ವಾಸನೆ ಹುಟ್ಟಿಸುವ ಜೀವಾಣುಗಳು ಬೇರೆ, ಕಾಯಿಲೆ ತರುವವು ಬೇರೆ.

ಚಳಿಗಾಲದಲ್ಲಿ ಹೆಪ್ಪು ಹಾಕಿದ ಹಾಲಿನ ಪಾತ್ರೆಗೆ ದಪ್ಪ ಬಟ್ಟೆ ಸುತ್ತಿ ಮೂಲೆಯಲ್ಲಿಡುವ ಗೃಹಿಣಿ ಬ್ಯಾಕ್ಟೀರಿಯಾ ಬೆಳೆಯಲೆಂದೇ ಹಾಗೆ ಮಾಡುತ್ತಾಳೆ. 60 ಡಿಗ್ರಿಯ ಕೆಳಗೆ ಇಳಿದ ಸಾರಿನ ಪಾತ್ರೆಯನ್ನು ಸುತ್ತಿಕೊಂಡಿರುವ ಚೀಲವೂ ಅದೇ ಕೆಲಸವನ್ನು, ಯಾರೂ ಬಯಸದ ಹೆಪ್ಪಿಗಾಗಿ ಮಾಡುತ್ತಿರುತ್ತದೆ. ಒಳ್ಳೆಯ ಚೀಲ ಪಾತ್ರೆಯನ್ನು 60ರ ಮೇಲೆ ಹೆಚ್ಚು ಹೊತ್ತು ನಿಲ್ಲಿಸುವಂತೆಯೇ, 60ರಿಂದ ಕೆಳಗಿನ ದಾರಿಯನ್ನೂ ಅಷ್ಟೇ ನಿಧಾನಗೊಳಿಸುತ್ತದೆ. ಹೊದಿಕೆಯಿಲ್ಲದ ಪಾತ್ರೆ ಒಂದೆರಡು ಗಂಟೆಯಲ್ಲಿ ದಾಟಿಬಿಡುವ ಅಪಾಯದ ಮಟ್ಟದಲ್ಲಿ ಚೀಲದ ಪಾತ್ರೆ ಅರ್ಧ ರಾತ್ರಿ ನಿಲ್ಲಬಹುದು. ಹೀಗಾಗಿ ಚೀಲ ಒಳ್ಳೆಯದಾದಷ್ಟೂ ಹೊತ್ತಿಗೆ ಸರಿಯಾಗಿ ಅದನ್ನು ಬಿಚ್ಚುವುದು ಅಷ್ಟೇ ಮುಖ್ಯವಾಗುತ್ತದೆ, ಮಾರುವವರ ಜಾಹೀರಾತುಗಳು ಈ ಭಾಗವನ್ನು ಸಾಮಾನ್ಯವಾಗಿ ಮೆಲುದನಿಯಲ್ಲಿ ಹೇಳುತ್ತವೆ.

ಕಾಳುಗಳ ವಿಷಯದಲ್ಲಿ ಸೂಕ್ಷ್ಮಾಣುಗಳಲ್ಲದೆ ಇನ್ನೊಂದು ಸಂಗತಿಯೂ ಇದೆ. ಬಹುತೇಕ ದ್ವಿದಳ ಧಾನ್ಯಗಳು ತಮ್ಮನ್ನು ತಿನ್ನುವ ಪ್ರಾಣಿಗಳಿಂದ ಉಳಿದುಕೊಳ್ಳಲು ಲೆಕ್ಟಿನ್ ಎಂಬ ಪ್ರೋಟೀನುಗಳನ್ನು ಇಟ್ಟುಕೊಂಡಿರುತ್ತವೆ. ಜೀವಕೋಶಗಳ ಮೇಲಿರುವ ಸಕ್ಕರೆಯ ಅಂಶಗಳಿಗೆ ಅಂಟಿಕೊಳ್ಳುವ ಸ್ವಭಾವದ ಇವು ಹಸಿಯಾಗಿ ಹೊಟ್ಟೆಗೆ ಹೋದರೆ ಕರುಳನ್ನು ಕಾಡಬಲ್ಲವು. ಹನೂರು ಸೀಮೆಯ ಹೊಲಗಳ ಹುರುಳಿಯ ಲೆಕ್ಟಿನ್ನಿಗೆ ವೈದ್ಯಲೋಕದಲ್ಲಿ ವಿಚಿತ್ರವಾದ ಖ್ಯಾತಿಯಿದೆ: ಎ ಗುಂಪಿನ ರಕ್ತದಲ್ಲಿ ಎ1 ಮತ್ತು ಎ2 ಎಂಬ ಉಪಗುಂಪುಗಳನ್ನು ಬೇರ್ಪಡಿಸಲು ರಕ್ತನಿಧಿಗಳು ಬಳಸುವ ದ್ರವವನ್ನು ಹುರುಳಿಯಿಂದಲೇ ತೆಗೆಯುತ್ತಾರೆ, ಎ1 ಕಣಗಳನ್ನು ಅದು ಗಂಟುಗಟ್ಟಿಸುತ್ತದೆ. ಚೆನ್ನಾಗಿ ಕುದಿಸಿದ ಹುರುಳಿಯಲ್ಲಿ ಈ ಶಕ್ತಿ ಉಳಿಯದ ಕಾರಣ ತಲೆಮಾರುಗಳಿಂದ ಹುರುಳಿ ಸಾರು ಉಂಡವರಿಗೆ ಇದನ್ನು ಕೇಳಿ ಗಾಬರಿಪಡಬೇಕಾದುದೇನೂ ಇಲ್ಲ. ನಿಜವಾದ ಗಂಡಾಂತರವಿರುವುದು ಈಗೀಗ ಹಳ್ಳಿಯ ಅಂಗಡಿಗಳಿಗೂ ಬಂದಿರುವ ರಾಜ್ಮಾದಲ್ಲಿ. ಅದರ ಲೆಕ್ಟಿನ್ ಎಷ್ಟು ಪ್ರಬಲವೆಂದರೆ ನಾಲ್ಕೈದು ಹಸಿ ಕಾಳು ತಿಂದವರಿಗೂ ಕೆಲವೇ ಗಂಟೆಗಳಲ್ಲಿ ವಾಂತಿ ಕಾಣಿಸಿಕೊಳ್ಳಬಹುದು, ಮತ್ತು 80 ಡಿಗ್ರಿಯವರೆಗೆ ಮಾತ್ರ ಕಾಯಿಸಿದಾಗ ಅದರ ವಿಷಗುಣ ಕುಗ್ಗುವ ಬದಲು ಹಸಿ ಕಾಳಿನದಕ್ಕಿಂತ ಐದು ಪಟ್ಟು ಏರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಕೈಪಿಡಿ ಎಚ್ಚರಿಸುತ್ತದೆ. ಕುದಿ ಕಾಣದೆ ಚೀಲದೊಳಗೆ ಹೋದ ರಾಜ್ಮಾ ಸರಿಯಾಗಿ ಈ ಮಟ್ಟದಲ್ಲೇ ಗಂಟೆಗಟ್ಟಲೆ ಕೂರುತ್ತದೆ; ಮೆತ್ತಗಾಗಿ, ನೋಡಲು ಬೆಂದಂತೆಯೇ ಇರುತ್ತದೆ. ಕನಿಷ್ಠ 5 ಗಂಟೆ ನೆನೆಸಿ, ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 10 ನಿಮಿಷಕ್ಕೆ ಕಡಿಮೆಯಿಲ್ಲದಂತೆ, ಅರ್ಧ ಗಂಟೆಯಾದರೆ ಇನ್ನೂ ಒಳ್ಳೆಯದು, ಕೊತಕೊತ ಕುದಿಸಿದ ಮೇಲೆಯೇ ಅದನ್ನು ಚೀಲಕ್ಕೆ ಇಳಿಸಬೇಕು. ಒಣ ಅವರೆ, ಅಲಸಂದೆ, ಹುರುಳಿಗೂ ಇದೇ ಕ್ರಮವನ್ನು ಹಿಡಿದರೆ ನಷ್ಟವಿಲ್ಲ, ನೆನೆದ ಕಾಳು ಚೀಲದಲ್ಲಿ ಬೇಗ ಬೇಯುವುದೂ ಲಾಭವೇ. ಮೊಳಕೆ ಹುರುಳಿಗಂತೂ ಕುದಿ ತಪ್ಪಿಸುವಂತಿಲ್ಲ. ಒದ್ದೆ ಬಟ್ಟೆಯಲ್ಲಿ ಬೆಚ್ಚಗೆ ಕಟ್ಟಿಟ್ಟಾಗ ಮೊಳಕೆಯೊಡನೆ ಸೂಕ್ಷ್ಮಾಣುಗಳೂ ಬೆಳೆದಿರುತ್ತವೆ.

ಕುದಿಯ ಬಿಂದು ಕೂಡ ಎತ್ತರಕ್ಕೆ ತಕ್ಕಂತೆ ತಗ್ಗುತ್ತದೆ. ಸುಮಾರು 3000 ಅಡಿ ಎತ್ತರದ ಮಲೆ ಮಹದೇಶ್ವರ ಬೆಟ್ಟದ ಮೇಲೆ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ಅಲ್ಲಿನ ಪಾತ್ರೆ ಚೀಲಕ್ಕೆ ಹೋಗುವಾಗಲೇ ಎರಡು ಮೂರು ಡಿಗ್ರಿ ಹಿಂದಿರುತ್ತದೆ. ಇದು ಸಣ್ಣ ವ್ಯತ್ಯಾಸ. ಇದಕ್ಕಿಂತ ಹೆಚ್ಚಿನ ನಷ್ಟವಾಗುವುದು ಕುದಿ ನಿಂತ ಮೇಲೆ ಮುಚ್ಚಳ ತೆಗೆದು ರುಚಿ ನೋಡುವುದರಲ್ಲಿ, ಖಾರ ಬೆರೆಸುವುದರಲ್ಲಿ, ಹುಣಸೆ ಕಿವುಚಿದ ತಣ್ಣೀರು ಸುರಿಯುವುದರಲ್ಲಿ. ಹುಳಿ ಮೊದಲೇ ಬಿದ್ದರೆ ಕಾಳು ಗಟ್ಟಿಯಾಗಿಯೇ ಉಳಿಯುವುದರಿಂದ ಹುಣಸೆಯನ್ನು ಕೊನೆಗೆ ಹಾಕುವುದು ಅನಿವಾರ್ಯ. ಹಾಗೆ ಹಾಕಿದ ಮೇಲೆ ಪಾತ್ರೆಯನ್ನು ಮರಳಿ ಒಲೆಗೇರಿಸಿ ಕುದಿ ಬರಿಸಬೇಕೇ ಹೊರತು ಮತ್ತೆ ಚೀಲಕ್ಕೆ ತಳ್ಳುವಂತಿಲ್ಲ.

ಮಾಂಸದ ಅಡುಗೆಗೆ ಇನ್ನಷ್ಟು ಬಿಗಿ ಬೇಕು. ತುಂಡುಗಳು ಚಿಕ್ಕದಾಗಿರಬೇಕು, ನಡುಭಾಗವೂ ಕುದಿಯ ಶಾಖ ಕಾಣುವವರೆಗೆ ಒಲೆಯ ಮೇಲೆಯೇ ಇರಬೇಕು; ತುಂಡಿನ ಒಳಗೆ 65 ಡಿಗ್ರಿಯಲ್ಲಿ 10 ನಿಮಿಷ, 70ರಲ್ಲಿ 2 ನಿಮಿಷ ಅಥವಾ 75ರಲ್ಲಿ 15 ಸೆಕೆಂಡು ಎಂಬುದು ಭಾರತೀಯ ಪ್ರಾಧಿಕಾರದ ಅಳತೆ. ಇಡೀ ಕೋಳಿಯನ್ನು ಹಾಗೆಯೇ ಇಟ್ಟು ಚೀಲ ಕಟ್ಟುವುದು ಯಾವ ಲೆಕ್ಕದಲ್ಲೂ ಒಪ್ಪುವ ಕೆಲಸವಲ್ಲ. ಇನ್ನು ಹಿರಿಯ ಪಾತ್ರೆಗಳಿಗೆ ಚೀಲವೇ ಬೇಡ, ಅವು ತಮಗೆ ತಾವೇ ಚೀಲ. ಇದೇ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ಬನದ ಹುಣ್ಣಿಮೆಯಿಂದ ಐದು ದಿನ ನಡೆಯುವ ಸಿದ್ಧಪ್ಪಾಜಿ ಜಾತ್ರೆಯ ಪಂಕ್ತಿಸೇವೆಗೆ ಭಕ್ತರು ಬಿಡಾರ ಹೂಡಿ ಬಯಲಿನಲ್ಲಿ ಮಾಂಸದಡುಗೆ ಮಾಡಿ ಸಹಪಂಕ್ತಿಯಲ್ಲಿ ಉಣ್ಣುತ್ತಾರೆ. ಈ ಸೇವೆಯ ಸುತ್ತ ಪ್ರಾಣಿಬಲಿಯ ಕಾನೂನಿನ ವಾದವಿವಾದಗಳು ಬೇಕಾದಷ್ಟು ನಡೆದಿವೆ, ಪಾತ್ರೆಯ ಉಷ್ಣತೆಯ ಮಾತು ಮಾತ್ರ ಯಾರ ಬಾಯಲ್ಲೂ ಬಂದಂತಿಲ್ಲ. ಬಿಸಿಬಿಸಿಯಾಗಿ ಬಡಿಸಿ ಮುಗಿಸಿದಷ್ಟು ಹೊತ್ತು ಅದರಲ್ಲಿ ಅಪಾಯವಿಲ್ಲ. ಉಳಿದುದನ್ನು ದೊಡ್ಡ ಹಂಡೆಯಲ್ಲೇ ಮುಚ್ಚಿ ಮರುದಿನಕ್ಕೆ ಇಟ್ಟಾಗ, ಹೊರಗೆ ಮಾಗಿಯ ಚಳಿ ಕೊರೆಯುತ್ತಿದ್ದರೂ ಹಂಡೆಯ ನಡುವೆ ಪರ್ಫ್ರಿಂಜೆನ್ಸ್ ಬಯಸುವ ಬಿಸುಪು ಬಹಳ ಹೊತ್ತು ಉಳಿಯುತ್ತದೆ. ಉಳಿಸಲೇಬೇಕಾದ ಆಹಾರವನ್ನು ಅಗಲವಾದ ತಟ್ಟೆಗಳಿಗೆ ತೆಳುವಾಗಿ ಹರವಿ, 60 ಡಿಗ್ರಿಯಿಂದ 21ಕ್ಕೆ 2 ಗಂಟೆಯಲ್ಲಿ, ಅಲ್ಲಿಂದ 5ಕ್ಕೆ ಇನ್ನೆರಡು ಗಂಟೆಯಲ್ಲಿ ಇಳಿಸಬೇಕೆಂದು ಪ್ರಾಧಿಕಾರದ ಪಟ್ಟಿ ಹೇಳುತ್ತದೆ. ಫ್ರಿಜ್ಜಿಲ್ಲದ ಬಯಲಿನಲ್ಲಿ ಇದರರ್ಥ ಅಂದಿನದನ್ನು ಅಂದೇ ಮುಗಿಸುವುದು.

ಹನೂರು ತಾಲ್ಲೂಕಿನಲ್ಲಿ ಆಹಾರದಿಂದ ವಿಷವೆಂದೊಡನೆ ನೆನಪಾಗುವುದು 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ದೇವಾಲಯದಲ್ಲಿ ಪ್ರಸಾದ ತಿಂದ 17 ಮಂದಿ ಪ್ರಾಣ ಕಳೆದುಕೊಂಡ ದುರಂತ. ಅದು ಕೀಟನಾಶಕ ಬೆರೆತ ಅಪರಾಧ ಪ್ರಕರಣವೇ ಹೊರತು ಅಡುಗೆಯ ಲೋಪವಾಗಿರಲಿಲ್ಲ, ಬೇಯಿಸುವ ಯಾವ ನಿಯಮಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಅಷ್ಟು ಭೀಕರವಾದುದರ ನೆನಪಿನ ಮುಂದೆ, ಯಾರ ಕೇಡಿನ ಬುದ್ಧಿಯೂ ಇಲ್ಲದೆ ಪಾತ್ರೆಯಲ್ಲಿ ತಾನಾಗಿ ಹುಟ್ಟುವ ದಿನನಿತ್ಯದ ವಿಷ ಲೆಕ್ಕಕ್ಕೆ ಬಾರದೆ, ಹೊಟ್ಟೆ ಕೆಟ್ಟಿತು ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ.

ಹಾಗೆಂದು ತಂಗಳೆಲ್ಲ ಅಪಾಯವೆಂದು ತಿಳಿಯಬೇಕಾಗಿಲ್ಲ. ರಾಗಿ ಅಂಬಲಿಯನ್ನು ರಾತ್ರಿಯಿಡೀ ಹುಳಿಯಲು ಬಿಟ್ಟಾಗ ಅದರಲ್ಲಿ ಬೆಳೆಯುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಉಂಟುಮಾಡುವ ಆಮ್ಲವೇ ಕೇಡಿನ ಜೀವಾಣುಗಳನ್ನು ತಡೆಹಿಡಿಯುತ್ತದೆ; ಹುಳಿ ಚೆನ್ನಾಗಿ ಏರಿದ ಅಂಬಲಿ ಮತ್ತು ಹುಳಿಯೇರದ ಬೆಚ್ಚಗಿನ ಕಾಳುಸಾರು ಎರಡೂ ರಾತ್ರಿ ಕಳೆದವೇ ಆದರೂ ಒಂದೇ ಬಗೆಯವಲ್ಲ. ಉಪ್ಸಾರಿಗೆ ಕಾಳು ಸೊಪ್ಪು ಬೇಯಿಸಿ ಬಸಿದ ಕಟ್ಟಿನಲ್ಲಿ ಹುಳಿಯೂ ಕಡಿಮೆ, ಪೌಷ್ಟಿಕಾಂಶವೂ ಹೇರಳವಾದ್ದರಿಂದ ಬೆಚ್ಚಗಿಟ್ಟರೆ ಕೆಡಲು ಅದೇ ಮುಂದು.

ಚೀಲವನ್ನು ಮನೆಯಲ್ಲೇ ಹೊಲಿದುಕೊಳ್ಳುವುದು ಕಷ್ಟವಲ್ಲ. ಹಳೆಯ ಕಂಬಳಿ, ಕೌದಿ, ಹತ್ತಿ, ಚೆನ್ನಾಗಿ ಒಣಗಿದ ರಾಗಿ ಹುಲ್ಲು ಇವೆಲ್ಲ ಗಾಳಿಯನ್ನು ಸಣ್ಣ ಸಣ್ಣ ಕೋಶಗಳಲ್ಲಿ ಹಿಡಿದಿಡುವುದರಿಂದಲೇ ಶಾಖವನ್ನೂ ಹಿಡಿದಿಡುತ್ತವೆ. ಒದ್ದೆಯಾದರೆ ಆ ಗುಣ ಹೋಗುತ್ತದೆ. ಸೌದೆ ಒಲೆಯಿಂದ ಇಳಿಸಿದ ಪಾತ್ರೆಯ ತಳದಲ್ಲಿ ಕಿಡಿ ಅಂಟಿಕೊಂಡಿರಬಹುದಾದ್ದರಿಂದ ಮಸಿಯನ್ನು ಒರೆಸಿ, ಸಿಂಬೆಯ ಮೇಲೋ ದಪ್ಪ ಬಟ್ಟೆಯ ಮೇಲೋ ಕೂರಿಸುವುದು ಅಗತ್ಯ. ಥರ್ಮೋಕೋಲ್ ತುಂಬಿದ ಚೀಲವಂತೂ 100 ಡಿಗ್ರಿಯ ಸುಮಾರಿಗೇ ಮೆತ್ತಗಾಗತೊಡಗುತ್ತದೆ. ಒಳಗೆ ಚೆಲ್ಲಿದ ಸಾರು ಹೊಲಿಗೆಯಲ್ಲಿ ಇಂಗಿ ಜಿರಲೆ, ಇರುವೆಗಳನ್ನು ಕರೆಯುವುದರಿಂದ ತೊಳೆಯಬಹುದಾದ ಒಳಹೊದಿಕೆ ಬೇರೆಯಾಗಿಯೇ ಇರಬೇಕು.

ಕೂಲಿಗೆ ಹೊರಡುವ ಮುನ್ನ ಬೆಳಿಗ್ಗೆ 8ಕ್ಕೆ ಚೀಲಕ್ಕೆ ಇಳಿಸಿದ ತುಂಬಿದ ಪಾತ್ರೆಯನ್ನು ಮಧ್ಯಾಹ್ನ 12ಕ್ಕೆ ತೆಗೆದು ಉಣ್ಣುವ ಮನೆಗೆ ಈ ಉಪಾಯ ಹೊಂದುತ್ತದೆ. ರಾತ್ರಿ 8ಕ್ಕೆ ಇಳಿಸಿದುದನ್ನು ಮರುದಿನ ಬೆಳಿಗ್ಗೆ ತೆಗೆಯುವ ಮನೆಗೆ ಹೊಂದುವುದಿಲ್ಲ, ಹತ್ತು ಗಂಟೆಯ ಹೊತ್ತು ಮನೆಯ ಗಾತ್ರದ ಪಾತ್ರೆಯ ಶಕ್ತಿಯನ್ನು ಮೀರಿದ್ದು. ಬಿಚ್ಚಿದಾಗ ಪಾತ್ರೆ ಮುಟ್ಟಲಾಗದಷ್ಟು ಸುಡುತ್ತಿದ್ದರೂ ಒಮ್ಮೆ ಕುದಿಸಿಯೇ ಬಡಿಸುವುದು ಲೇಸು. ಬೆರಳಿಟ್ಟರೆ ಹಿತವಾಗಿ ಬೆಚ್ಚಗಿರುವಷ್ಟು ಇಳಿದಿದ್ದು, ಅದು ಯಾವಾಗ ಇಳಿಯಿತೆಂಬುದು ತಿಳಿಯದಿದ್ದರೆ ಚೆಲ್ಲುವುದೊಂದೇ ದಾರಿ. ಸೇರು ಕಾಳನ್ನು ಅಳೆದು ಸುರಿಯುವ ಮನೆಗೆ ಚೆಲ್ಲಿ ಎಂದು ಹೇಳುವುದು ಸುಲಭದ ಮಾತಲ್ಲವಾದ್ದರಿಂದ, ಆ ಸ್ಥಿತಿ ಬಾರದಂತೆ ಚೀಲದ ಶಕ್ತಿಯನ್ನು ಮೊದಲೇ ಅಳೆದಿಟ್ಟುಕೊಳ್ಳಬೇಕು. ಅದಕ್ಕೆ ಕಾಳೂ ಬೇಡ. ದಿನವೂ ಬಳಸುವ ಪಾತ್ರೆಯಲ್ಲಿ ದಿನವೂ ಬೇಯಿಸುವಷ್ಟೇ ನೀರನ್ನು ಕುದಿಸಿ, ಮುಚ್ಚಿ, ಚೀಲದಲ್ಲಿಟ್ಟು, 3 ಗಂಟೆ ಕಳೆದ ಮೇಲೆ ಅಡುಗೆಯ ಥರ್ಮಾಮೀಟರಿನಿಂದ ಅಳೆಯಬೇಕು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ನಡೆಯದು, ಅದರ ಅಳತೆ 42 ಡಿಗ್ರಿಯ ಸುಮಾರಿಗೇ ಮುಗಿಯುತ್ತದೆ. ನಡುವೆ ಮುಚ್ಚಳ ತೆರೆದರೆ ಲೆಕ್ಕ ತಪ್ಪುವುದರಿಂದ 4 ಗಂಟೆಯ, 5 ಗಂಟೆಯ ಪರೀಕ್ಷೆಗಳನ್ನು ಬೇರೆ ಬೇರೆ ದಿನ ಹೊಸ ನೀರು ಕುದಿಸಿಯೇ ಮಾಡಬೇಕು. 65 ಡಿಗ್ರಿಗಿಂತ ಮೇಲೆ ನಿಂತ ಕೊನೆಯ ಗಂಟೆ ಯಾವುದೋ ಅದೇ ಆ ಪಾತ್ರೆಗೆ ಆ ಚೀಲದ ಮಿತಿ. ಪಾತ್ರೆ ಬದಲಾದರೆ, ಅಥವಾ ತುಂಬಿದ ಹುಲ್ಲು ಕುಸಿದು ಚೀಲ ತೆಳುವಾದರೆ, ನೀರನ್ನು ಮತ್ತೆ ಒಲೆಗಿಟ್ಟು ಅಳೆಯಬೇಕಾಗುತ್ತದೆ.